ಫ್ಯಾನು ಎರಡರಲ್ಲಿರಲಿ: ಹಳೆಯ ಧ್ಯಾನಿಗಳ ಸಣ್ಣ ಜಗಳಗಳ ಬಗ್ಗೆ

(ಹಾಸನದಲ್ಲಿ ಬೇರೆ ಬೇರೆ ಪದ್ಧತಿಯ ಧ್ಯಾನಾಭ್ಯಾಸಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಏನೆಂದು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಅವರು ಹಳಬರೇ ಇರಬೇಕು. ಹೊಸದಾಗಿ ಕೂರಲು ಶುರು ಮಾಡಿದವರಿಗೆ ಇದು ನಗು ತರಿಸುವುದಿಲ್ಲ, ದಿಗಿಲು ತರಿಸುತ್ತದೆ. ಹದಿನೈದು ಇಪ್ಪತ್ತು ವರ್ಷ ಬೆಳಿಗ್ಗೆ ಸಂಜೆ ಕೂತವರು ಒಂದು ಫ್ಯಾನಿನ ಸ್ವಿಚ್ಚಿಗಾಗಿ ಮಾತು ಬಿಡುತ್ತಾರೆಯೇ? ಬಿಡುತ್ತಾರೆ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದಷ್ಟು ದೂರಕ್ಕೆ ಅದು ಬೆಳೆಯುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ದೊಡ್ಡ ತಪ್ಪುಗಳ ಬಗ್ಗೆ ಇಲ್ಲಿ ಮಾತಿಲ್ಲ. ದುಡ್ಡು ನುಂಗಿದ್ದು, ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಂಡದ್ದು, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದವರಿಗೆ ಅದನ್ನು ಬಿಡಿಸಿ ಶಿಬಿರಕ್ಕೆ ಕೂರಿಸಿದ್ದು, ಇವು ಸಣ್ಣ ಜಗಳಗಳಲ್ಲ. ಅವಕ್ಕೆ ಪೊಲೀಸರಿದ್ದಾರೆ, ವೈದ್ಯರಿದ್ದಾರೆ. ಶಾಂತಿಯ ಹೆಸರಿನಲ್ಲಿ ಅವನ್ನು ಮುಚ್ಚಿಡಲು ಈ ಉಪನ್ಯಾಸವನ್ನು ಯಾರೂ ಬಳಸಿಕೊಳ್ಳಬಾರದು.

ನಾವು ಹೇಳಬೇಕೆಂದು ಬಂದಿರುವುದು ಇಷ್ಟು: ಫ್ಯಾನಿನ ಮಾತು ಫ್ಯಾನಿನ ಮಾತಾಗಿಯೇ ಮುಗಿಯಬೇಕು. ಅದು ಯಾರ ಸಾಧನೆ ಎಷ್ಟು ಎಂಬ ಮಾತಾಯಿತೋ, ಆಮೇಲೆ ಎಲೆಕ್ಟ್ರಿಷಿಯನ್ ಬಂದರೂ ಸರಿಹೋಗುವುದಿಲ್ಲ, ಗುರುಗಳು ಬಂದರೂ ಸರಿಹೋಗುವುದಿಲ್ಲ.

ನಮ್ಮ ಕಡೆಯ ಕೂಟಗಳಲ್ಲಿ ಜಗಳಕ್ಕೂ ಋತುಮಾನವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯದು. ಮುಚ್ಚಿದರೆ ಮುಗ್ಗಲು ವಾಸನೆ, ತೆರೆದರೆ ಎರಚಲು. ಅದೇ ಕಾಲಕ್ಕೆ ಜರ್ಕಿನ್. ಮೂಡಿಗೆರೆ ಮಳೆಯಲ್ಲಿ ನೆನೆದು ಬಂದವರು ಜರ್ಕಿನ್ ತೊಟ್ಟೇ ಕೂತರೆ ಉಸಿರೆಳೆದಾಗಲೆಲ್ಲ ಸರಪರ ಸದ್ದು. ಕರೆಂಟು ಹೋದರೆ ಯುಪಿಎಸ್ ಕೂಗಿಕೊಳ್ಳುತ್ತದೆ. ಡಿಸೆಂಬರ್ ಚಳಿಯಲ್ಲಿ ಫ್ಯಾನೇ ಬೇಡ ಎನ್ನುವವರು ಒಂದು ಕಡೆ, ಗಾಳಿಯಾಡದಿದ್ದರೆ ತೂಕಡಿಕೆ ಬರುತ್ತದೆ ಎನ್ನುವವರು ಇನ್ನೊಂದು ಕಡೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರು ಬರಲಾಗುವುದಿಲ್ಲ. ಕೊಯ್ಲು, ಒಣಗಿಸುವ ಕೆಲಸ ಎಲ್ಲ ಮುಗಿಸಿ ಮಾರ್ಚಿಗೆ ಬಂದು ನೋಡಿದರೆ ತಾವು ಕೂರುತ್ತಿದ್ದ ಗೋಡೆ ಪಕ್ಕದ ಜಾಗದಲ್ಲಿ ಬೇರೆ ಯಾರೋ ಕಣ್ಣು ಮುಚ್ಚಿ ಕೂತಿರುತ್ತಾರೆ. ಸಮಯದ ಜಗಳ ಮಾತ್ರ ವರ್ಷವಿಡೀ. ಆಲೂರು, ಸಕಲೇಶಪುರದ ಕಡೆಯವರಿಗೆ ಕತ್ತಲಾಗುವುದರೊಳಗೆ ಊರು ಸೇರಬೇಕು, ದಾರಿಯಲ್ಲಿ ಆನೆ. ಪಟ್ಟಣದ ನೌಕರರಿಗೆ ಕಚೇರಿ ಬಿಡುವುದೇ ಐದೂವರೆಗೆ. "ಆನೆಯನ್ನೂ ಸಮತೆಯಿಂದ ನೋಡಿ" ಎಂದು ಬುದ್ಧಿ ಹೇಳುವವರನ್ನು ಒಂದು ಸಂಜೆ ಆ ದಾರಿಯಲ್ಲಿ ಬೈಕ್ ಕೊಟ್ಟು ಕಳಿಸಬೇಕು.

ಇದೆಲ್ಲ ಈ ಕಾಲದ ಕೆಡುಕು ಎಂದುಕೊಳ್ಳಬೇಡಿ. ಪ್ರಯಾಗದ ಹತ್ತಿರ ಯಮುನೆಯ ದಡದಲ್ಲಿ ಕೋಸಂಬಿ ಎಂಬ ಊರಿತ್ತು. ಬುದ್ಧನ ಕಾಲದಲ್ಲೇ ಅಲ್ಲಿನ ವಿಹಾರದಲ್ಲಿ ನಡೆದ ಜಗಳ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ದಾಖಲಾಗಿದೆ. ಅದು ಹೇಗೆ ಹುಟ್ಟಿತು ಎಂಬ ವಿವರವನ್ನು ಧಮ್ಮಪದದ ಅಟ್ಠಕಥೆ, ಅಂದರೆ ಹಳೆಯ ವ್ಯಾಖ್ಯಾನ, ಕೊಡುತ್ತದೆ. ಇಬ್ಬರು ಹಿರಿಯ ಭಿಕ್ಷುಗಳು. ಒಬ್ಬರು ನಿಯಮಗಳಲ್ಲಿ ಪಂಡಿತರು, ಇನ್ನೊಬ್ಬರು ಉಪದೇಶದಲ್ಲಿ. ಉಪದೇಶಕರು ಪಾಯಖಾನೆಗೆ ಹೋಗಿ ಬಂದಾಗ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬಂದರು. ಹಾಗೆ ಉಳಿಸಬಾರದೆಂಬುದು ನಿಯಮ. ನಿಯಮಪಂಡಿತರು ಕೇಳಿದರು, ನೀರು ಉಳಿಸಿದ್ದು ನೀವೇ? ಹೌದು. ಅದು ತಪ್ಪೆಂದು ಗೊತ್ತಿಲ್ಲವೇ? ಗೊತ್ತಿರಲಿಲ್ಲ, ತಪ್ಪಾಗಿದ್ದರೆ ಒಪ್ಪಿಕೊಳ್ಳುತ್ತೇನೆ. ಬೇಕೆಂದು ಮಾಡಿದ್ದಲ್ಲವಾದರೆ ತಪ್ಪಿಲ್ಲ ಬಿಡಿ. ಅಲ್ಲಿಗೆ ಮುಗಿಯಿತು.

ಮುಗಿಯಬೇಕಿತ್ತು. ಆದರೆ ನಿಯಮಪಂಡಿತರು ತಮ್ಮ ಶಿಷ್ಯರ ಹತ್ತಿರ, ಆ ಉಪದೇಶಕರಿಗೆ ತಾವು ಮಾಡಿದ್ದು ತಪ್ಪೆಂದೂ ತಿಳಿಯುವುದಿಲ್ಲ ಎಂದರು. ಶಿಷ್ಯರು ಅದನ್ನು ಆ ಕಡೆಯ ಶಿಷ್ಯರಿಗೆ ಹೇಳಿದರು. ಆ ಶಿಷ್ಯರು ತಮ್ಮ ಗುರುವಿಗೆ ಮುಟ್ಟಿಸಿದರು. ಅವರು, "ಆಗ ತಪ್ಪಿಲ್ಲ ಅಂದ ಮನುಷ್ಯ ಈಗ ತಪ್ಪು ಅನ್ನುತ್ತಿದ್ದಾನೆ, ಸುಳ್ಳುಗಾರ" ಎಂದರು. ನೀರಿನ ಪಾತ್ರೆ ಅಲ್ಲೇ ಬಿತ್ತು. ಉಪದೇಶಕರನ್ನು ಸಂಘದಿಂದ ಹೊರಗಿಡುವ ಕ್ರಮವಾಯಿತು, ಸಂಘ ಎರಡು ಪಾಲಾಯಿತು. ಸ್ವತಃ ಬುದ್ಧ ಬಂದು ಸಮಾಧಾನ ಹೇಳಿದರೆ, ತಾವು ನೆಮ್ಮದಿಯಾಗಿರಿ, ಈ ಜಗಳವನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬರ್ಥದ ಉತ್ತರ ಬಂತು. ಆತ ಒಬ್ಬನೇ ಎದ್ದು ಕಾಡಿಗೆ ಹೋದ. ಕೊನೆಗೆ ಕೋಸಂಬಿಯ ಗೃಹಸ್ಥರು ಈ ಭಿಕ್ಷುಗಳಿಗೆ ನಮಸ್ಕಾರವನ್ನೂ ಭಿಕ್ಷೆಯನ್ನೂ ನಿಲ್ಲಿಸಿದರು. ಉಪದೇಶಕ್ಕೆ ಬಗ್ಗದವರು ಖಾಲಿ ಪಾತ್ರೆಗೆ ಬಗ್ಗಿದರು. ಬುದ್ಧ ಇದ್ದ ಸಾವತ್ಥಿಗೆ ಹೋದರು, ಹೊರಗಿಡಲ್ಪಟ್ಟವರೇ ತಾವು ತಪ್ಪಿದ್ದು ನಿಜ ಎಂದು ಒಪ್ಪಿಕೊಂಡರು, ಸಂಘ ಒಂದಾಯಿತು.

ಈ ಪ್ರಸಂಗವನ್ನು ಸ್ವಲ್ಪ ಬಿಡಿಸಿ ನೋಡಿ, ಏಕೆಂದರೆ ನಮ್ಮ ಎಲ್ಲ ಜಗಳಗಳೂ ಇದೇ ಮೆಟ್ಟಿಲು ಹತ್ತುತ್ತವೆ. ಮೊದಲನೆಯದರಲ್ಲಿ ಒಂದು ವಸ್ತು ಅಥವಾ ಒಂದು ಕೆಲಸವಿದೆ: ನೀರು, ಫ್ಯಾನು, ಚಾಪೆ. ಇದು ಇಬ್ಬರ ನಡುವೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಮೂರನೆಯವರ ಕಿವಿ ಸೇರುತ್ತದೆ. ಮೂರನೆಯವರಿಗೆ ಹೇಳುವಾಗ ಬರೀ "ನೀರು ಉಳಿಸಿದರು" ಎಂದರೆ ಸಪ್ಪೆ, ಆದ್ದರಿಂದ ಅದಕ್ಕೆ ಯೋಗ್ಯತೆಯ ಒಗ್ಗರಣೆ ಬೀಳುತ್ತದೆ: "ಇಷ್ಟು ವರ್ಷ ಕೂತರೂ ಅಷ್ಟು ತಿಳಿಯಲಿಲ್ಲ ನೋಡಿ." ಆಮೇಲೆ ಅದಕ್ಕೆ ಉತ್ತರ ಕೂಡ ಯೋಗ್ಯತೆಯ ಮೇಲೆಯೇ ಬರುತ್ತದೆ. ಕೊನೆಗೆ ಪಕ್ಷಗಳು. ಪಕ್ಷ ಸೇರಿದವರಲ್ಲಿ ಅರ್ಧ ಜನ ಆ ನೀರಿನ ಪಾತ್ರೆಯನ್ನು ನೋಡಿಯೇ ಇರುವುದಿಲ್ಲ.

ಇಲ್ಲಿಂದ ಐವತ್ತು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಸಾಕ್ಷಿ ನಿಂತಿದೆ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ, ಐವತ್ತೇಳು ಐವತ್ತೆಂಟು ಅಡಿಯ ಗೊಮ್ಮಟನನ್ನು ನೋಡದವರು ಈ ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ಬಿಟ್ಟು, ಒಂದು ವರ್ಷ ಅಲುಗದೆ ನಿಂತವನು ಬಾಹುಬಲಿ. ಬಳ್ಳಿ ತೊಡೆಗೆ ಹಬ್ಬಿತು, ಹುತ್ತ ಬೆಳೆಯಿತು, ಜೈನರು ಕೇವಲಜ್ಞಾನ ಎನ್ನುವ ಪೂರ್ಣ ಅರಿವು ಮಾತ್ರ ಬರಲಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಕಥೆಯ ಪ್ರಕಾರ ಅಡ್ಡ ಬಂದದ್ದು ಒಂದು ಕಸಿವಿಸಿ: ನಾನು ನಿಂತಿರುವ ಈ ನೆಲ ಭರತನದು. ರಾಜ್ಯವನ್ನೇ ಬಿಟ್ಟವನಿಗೆ ಎರಡು ಪಾದ ಊರುವಷ್ಟು ಜಾಗ ಮನಸ್ಸಿನಿಂದ ಬಿಡಲಾಗಲಿಲ್ಲ. ಭರತನೇ ಬಂದು ನಮಿಸಿದ ಮೇಲೆ ಅದು ಕಳಚಿತು. ಈ ಕಥೆಯನ್ನು ಧ್ಯಾನಿಗಳಿಗೆ ಹೇಳುವಾಗ ಎಲ್ಲರೂ ಬಾಹುಬಲಿಯ ಕಡೆಗೇ ನೋಡುತ್ತಾರೆ. ನಮಗೆ ಭರತ ಮಾಡಿದ್ದು ಮುಖ್ಯವಾಗಿ ಕಾಣುತ್ತದೆ. ಆತ ತಮ್ಮನ ಸಾಧನೆಯಲ್ಲಿ ಕೊರತೆ ಹುಡುಕಲಿಲ್ಲ. ಎದುರಿಗೆ ಬಂದ, ಜಾಗದ ವಿಷಯ ಇತ್ಯರ್ಥ ಮಾಡಿದ.

ಇನ್ನು, ಧ್ಯಾನ ಮಾಡದವರಿಗಿಂತ ಮಾಡುವವರೇ ಇಂಥ ಜಗಳಕ್ಕೆ ಬೇಗ ಸಿಕ್ಕಿಬೀಳುವುದೇಕೆ?

ಒಂದು ಕಾರಣ ಕೂತ ಮನಸ್ಸಿನದೇ. ಕೂತ ಐದನೇ ನಿಮಿಷದಲ್ಲಿ ಬಾಗಿಲು ಕಿರ್ರೆಂದರೆ ಏನೂ ಅನ್ನಿಸುವುದಿಲ್ಲ. ನಲವತ್ತನೇ ನಿಮಿಷದಲ್ಲಿ, ಉಸಿರು ಸಣ್ಣಗಾಗಿ ಮನಸ್ಸು ನೆಲೆ ನಿಂತಾಗ, ಅದೇ ಸದ್ದು ಮೈಮೇಲೆ ಬಿದ್ದಂತಾಗುತ್ತದೆ. ಇದು ದೌರ್ಬಲ್ಯವಲ್ಲ. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ, ಮೊದಲ ಧ್ಯಾನಕ್ಕೆ, ಅಂದರೆ ಏಕಾಗ್ರತೆಯ ಮೊದಲ ಹಂತಕ್ಕೆ, ಸದ್ದೇ ಮುಳ್ಳು ಎಂದು ನೇರವಾಗಿ ಹೇಳಿದೆ. ಆ ಮಾತು ಬಂದ ಸಂದರ್ಭ ಸೊಗಸಾಗಿದೆ. ವೈಶಾಲಿಯಲ್ಲಿ ಅಲ್ಲಿನ ಆಳುವ ಕುಲದವರಾದ ಲಿಚ್ಛವಿಗಳು ರಥಗಳ ಮೇಲೆ ಗದ್ದಲ ಮಾಡಿಕೊಂಡು ಬುದ್ಧನನ್ನು ನೋಡಲು ಬಂದರು. ಅಲ್ಲಿದ್ದ ಹಿರಿಯ ಭಿಕ್ಷುಗಳು ಯಾರ ಮೇಲೂ ರೇಗಲಿಲ್ಲ, ಸಹಿಸಿಕೊಂಡೂ ಕೂರಲಿಲ್ಲ. ಎದ್ದು ಗೋಸಿಂಗದ ಸಾಲವನಕ್ಕೆ ಹೋದರು. ಬುದ್ಧ ಅವರು ಮಾಡಿದ್ದು ಸರಿ ಎಂದ. ಸದ್ದು ತೊಂದರೆಯಾದರೆ ಸದ್ದಿನಿಂದ ದೂರ ಹೋಗಬಹುದು. ಸದ್ದು ಮಾಡಿದವರ ಜನ್ಮ ಜಾಲಾಡಬೇಕಿಲ್ಲ.

ಎರಡನೆಯದು ನಾವು ಒಪ್ಪಿಕೊಳ್ಳಲು ಹಿಂಜರಿಯುವ ಸಂಗತಿ. ಗಮನ ಪಳಗಿದ ಮಾತ್ರಕ್ಕೆ ನಾಲಿಗೆ ಪಳಗುವುದಿಲ್ಲ. ಪತಂಜಲಿ ಯಮ ನಿಯಮ ಎಂಬ ನಡತೆಯ ಕಟ್ಟುಗಳನ್ನು ಆಸನಕ್ಕಿಂತ ಮೊದಲು ಇಟ್ಟದ್ದು, ಬೌದ್ಧರು ಶೀಲವನ್ನು ಸಮಾಧಿಗಿಂತ ಮೊದಲು ಇಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಕೂಟಗಳಲ್ಲಿ ಒಂದು ಗಂಟೆ ಕೂರುವುದಕ್ಕೆ ಗಡಿಯಾರ, ಗಂಟೆ, ಸಾಲು, ಎಲ್ಲ ಇದೆ. ಆಮೇಲಿನ ಕಾಫಿಗೆ ಏನೂ ಇಲ್ಲ. ಜಗಳಗಳು ಹುಟ್ಟುವುದು ಆ ಕಾಫಿಯ ಹತ್ತು ನಿಮಿಷದಲ್ಲೇ, ಮನಸ್ಸಿನ್ನೂ ಹಸಿಯಾಗಿರುವಾಗ. ಗೋಯೆಂಕಾ ಅವರ ವಿಪಶ್ಯನೆ (ಒಳನೋಟದ ಧ್ಯಾನ) ಪದ್ಧತಿಯ ಹತ್ತು ದಿನದ ಶಿಬಿರದಲ್ಲಿ ಮೌನವನ್ನು ಕೊನೆಯ ದಿನ ಮನೆಗೆ ಹೊರಡುವ ಹೊತ್ತಿಗೆ ಮುರಿಯುವುದಿಲ್ಲ, ಹತ್ತನೇ ದಿನವೇ ಮುರಿದು, ಹನ್ನೊಂದನೇ ದಿನ ಬೆಳಿಗ್ಗೆ ಕಳಿಸುತ್ತಾರೆ. ನಡುವೆ ಒಂದು ದಿನ ಬಿಟ್ಟಿರುವುದು ಈ ಹಸಿತನ ಗೊತ್ತಿದ್ದೇ.

ಮೂರನೆಯದು, ಅಳತೆ. ಧ್ಯಾನದಲ್ಲಿ ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ. ಹಾಗಾಗಿ ಎಷ್ಟು ಶಿಬಿರ, ಎಷ್ಟು ವರ್ಷ, ಗೋಡೆಗೆ ಒರಗದೆ ಎಷ್ಟು ಹೊತ್ತು ಎನ್ನುವುದೇ ಅಂಕವಾಗುತ್ತದೆ. ಐದನೇ ಶತಮಾನದ ಬೌದ್ಧ ಧ್ಯಾನಗ್ರಂಥ ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ವಿಪಶ್ಯನೆಯ ಹತ್ತು ಕಶ್ಮಲಗಳನ್ನು ಪಟ್ಟಿ ಮಾಡುತ್ತಾರೆ. ಆ ಪಟ್ಟಿ ಓದಿದರೆ ಕೆಟ್ಟದ್ದೇ ಕಾಣುವುದಿಲ್ಲ: ಬೆಳಕು, ಆನಂದ, ಪ್ರಶಾಂತಿ, ಸುಖ, ಉಪೇಕ್ಷೆ ಎಲ್ಲ ಇವೆ. ಕೊನೆಯದು ಇವುಗಳ ಮೇಲಿನ ಸೂಕ್ಷ್ಮವಾದ ಅಂಟು. ಅಭ್ಯಾಸ ಚೆನ್ನಾಗಿ ಸಾಗುತ್ತಿರುವಾಗಲೇ ಇದು ಬರುತ್ತದೆ ಎನ್ನುವುದು ಗಮನಿಸಬೇಕಾದ್ದು. ನಾಲ್ಕು ತಿಂಗಳು ಮನಸ್ಸು ತಿಳಿಯಾಗಿದ್ದವರಿಗೆ ಪಕ್ಕದವರ ಕೆಮ್ಮು ತಮ್ಮ ಸಾಧನೆಗೆ ಮಾಡಿದ ಅವಮಾನದ ಹಾಗೆ ಕೇಳಿಸಲು ಶುರುವಾದರೆ, ಕೆಮ್ಮಿದವರ ಗಂಟಲಿನ ಜೊತೆಗೆ ಈ ಹತ್ತನೆಯದನ್ನೂ ಪರೀಕ್ಷಿಸಿಕೊಳ್ಳಬೇಕು.

ಈ ಮೂರೂ ಸೇರಿದಾಗ ಧ್ಯಾನಿಗಳ ಕೈಗೆ ಬೇರೆಯವರ ಬಳಿ ಇಲ್ಲದ ಒಂದು ಆಯುಧ ಬರುತ್ತದೆ: ಸಾಧನೆಯ ಭಾಷೆ. "ಫ್ಯಾನು ಸದ್ದು ಮಾಡ್ತಿಲ್ಲ ಮೇಷ್ಟ್ರೇ, ನಿಮ್ಮ ಮನಸ್ಸು ಮಾಡ್ತಿದೆ." "ಅದು ನಿಮ್ಮ ಹಳೇ ಸಂಸ್ಕಾರ ಮೇಲೆ ಬರ್ತಾ ಇರೋದು ಅಕ್ಕಾ, ಗಮನಿಸಿ ಅಷ್ಟೇ." "ಕೋಪ ಇಲ್ಲ ಗೌಡ್ರೇ ನನಗೆ, ನಿಮಗೆ ಮೈತ್ರಿ ಕಳಿಸ್ತಾ ಇದೀನಿ." ಈ ಮಾತುಗಳಿಗೆ ಉತ್ತರ ಕೊಡಲು ಬರುವುದಿಲ್ಲ, ಕೊಟ್ಟರೆ ಕೊಟ್ಟದ್ದೇ ಅಹಂಕಾರಕ್ಕೆ ಪುರಾವೆ. ಬೈಗುಳಕ್ಕಿಂತ ಇದು ಹೆಚ್ಚು ನೋಯಿಸುತ್ತದೆ. ಕೂಟದಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇಡುವುದಾದರೆ ಇದನ್ನಿಡಿ: ಸಾಧನೆಯ ಮಾತನ್ನು ತನಗೆ ತಾನು ಹೇಳಿಕೊಳ್ಳಬಹುದು, ಇನ್ನೊಬ್ಬರ ದೂರಿಗೆ ಉತ್ತರವಾಗಿ ಆಡಕೂಡದು.

ದೂರು ಬಂದಾಗ ಮೊದಲು ಎದ್ದು ಹೋಗಿ ಆ ವಸ್ತುವನ್ನು ನೋಡಿ. ಫ್ಯಾನು ಕಡಿಮೆ ವೇಗದಲ್ಲಿಟ್ಟಾಗ ಗುಂಯ್ ಎನ್ನುತ್ತಿದ್ದರೆ ಹೆಚ್ಚಾಗಿ ಅದು ಡಿಮ್ಮರ್ ಥರ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಕೆಲಸ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದರೆ ನಿಲ್ಲುತ್ತದೆ. ಗರಗರ ಎನ್ನುತ್ತಿದ್ದರೆ ಬೇರಿಂಗ್ ಸವೆದಿದೆ. ಓಲಾಡಿ ಟಕ್ ಟಕ್ ಎಂದರೆ ಬ್ಲೇಡು ಬಾಗಿದೆ, ಇಲ್ಲವೇ ಸ್ಕ್ರೂ ಸಡಿಲ. ಇದು ಉಪನ್ಯಾಸದಲ್ಲಿ ಹೇಳುವ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ರೆಗ್ಯುಲೇಟರ್ ಬದಲಿಸಿದ್ದರೆ ಉಳಿಯುತ್ತಿದ್ದ ಕೂಟಗಳು ಒಡೆದಿವೆ, ಆದ್ದರಿಂದ ಹೇಳುತ್ತಿದ್ದೇವೆ.

ಹಾಲಿನ ಏರ್ಪಾಡನ್ನು ಇಪ್ಪತ್ತೈದು ಮೂವತ್ತು ಜನರ ಲೆಕ್ಕದಲ್ಲಿ ಹೇಳುತ್ತೇವೆ. ಚಾಪೆ ಚಾಪೆಗೆ ಪಕ್ಕದಲ್ಲಿ ಕನಿಷ್ಠ ಒಂದಡಿ ಅಂತರ; ಮಂಡಿ ಮಂಡಿಗೆ ತಗುಲಿದರೆ ಯಾರ ಧ್ಯಾನವೂ ನಿಲ್ಲುವುದಿಲ್ಲ. ಗೋಡೆ ಪಕ್ಕದ ಜಾಗ ಬೆನ್ನುನೋವಿನವರಿಗೆ, ಅದೂ ಕೇಳಿಕೊಂಡವರಿಗೆ. ಉಳಿದ ಜಾಗಗಳು ಯಾರವೂ ಅಲ್ಲ, ತಿಂಗಳಿಗೊಮ್ಮೆ ಚೀಟಿ ಎತ್ತಿ. ಚೀಟಿ ಎತ್ತುವುದು ಬಾಲಿಶ ಎಂದು ಹಳಬರು ತಕರಾರು ತೆಗೆಯುತ್ತಾರೆ. ಹಾಗೆ ತಕರಾರು ತೆಗೆಯುವವರಿಗೆ ಸಾಮಾನ್ಯವಾಗಿ ಒಂದು ಖಾಯಂ ಜಾಗ ಇರುತ್ತದೆ. ಕುರ್ಚಿಯವರು ಹಿಂದಿನ ಸಾಲಿನಲ್ಲಿ, ಕುರ್ಚಿಯ ಕಾಲಿಗೆ ರಬ್ಬರ್ ಬುಷ್ ಹಾಕಿಸಿ. ಬಾಗಿಲ ಹತ್ತಿರ ನಾಲ್ಕು ಚಾಪೆ ಖಾಲಿ ಬಿಡಿ, ತಡವಾಗಿ ಬಂದವರೂ ಕೆಮ್ಮು ಬಂದು ಎದ್ದು ಹೋಗುವವರೂ ಅಲ್ಲೇ. ಬಾಗಿಲ ತಿರುಗಣಿಗೆ ಮಳೆಗಾಲದ ಮೊದಲು ಎಣ್ಣೆ ಬಿಡಿ. ಜರ್ಕಿನ್, ಕೊಡೆ ಜಗಲಿಯಲ್ಲಿ. ಚಳಿಗೆ ಶಾಲು ಅಥವಾ ಕಂಬಳಿ, ಅವು ಸದ್ದು ಮಾಡುವುದಿಲ್ಲ. ಅಗರಬತ್ತಿ ಒಳಗೆ ಬೇಡವೇ ಬೇಡ, ಕಿಟಕಿ ಮುಚ್ಚಿದ ಹಾಲಿನಲ್ಲಿ ಒಬ್ಬರಿಗೆ ಭಕ್ತಿಯಾದದ್ದು ಇನ್ನೊಬ್ಬರಿಗೆ ಉಬ್ಬಸ. ಮೊಬೈಲು ಸೈಲೆಂಟ್ ಅಲ್ಲ, ಆಫ್. ನೆಲದ ಮೇಲಿಟ್ಟ ಫೋನು ವೈಬ್ರೇಟ್ ಆದರೆ ಇಡೀ ಸಾಲಿಗೆ ಗೊತ್ತಾಗುತ್ತದೆ.

ಫ್ಯಾನು ಎರಡರಲ್ಲಿರಲಿ. ಸೆಖೆಯೆನ್ನುವವರು ಫ್ಯಾನಿನ ಕೆಳಗೆ, ಚಳಿಯೆನ್ನುವವರು ಮೂಲೆಗೆ. ನಡುವೆ ಎದ್ದು ಸ್ವಿಚ್ ಮುಟ್ಟುವ ಹಕ್ಕು ಯಾರಿಗೂ ಇಲ್ಲ.

ಗಂಟೆ ಹೊಡೆಯುವವರು ತಿಂಗಳಿಗೊಬ್ಬರು. ಅರವತ್ತು ನಿಮಿಷ ಎಂದರೆ ಅರವತ್ತೇ. ಇಲ್ಲಿ ಬಹಳ ಕಡೆ ತಪ್ಪುವುದು ಹೀಗೆ: ಗಂಟೆಯ ಜವಾಬ್ದಾರಿ ಹೊತ್ತವರು ತಮಗೆ ಚೆನ್ನಾಗಿ ಧ್ಯಾನ ಹತ್ತಿದ ದಿನ ಐದು ನಿಮಿಷ ಮುಂದೂಡುತ್ತಾರೆ, ಕಾಲು ನೋವಿದ್ದ ದಿನ ಎರಡು ನಿಮಿಷ ಮೊದಲೇ ಹೊಡೆಯುತ್ತಾರೆ. ಬಸ್ಸಿಗೆ ಹೋಗುವವರ ಮನಸ್ಸು ಆ ಐದು ನಿಮಿಷದಲ್ಲಿ ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಟಿಕ್ ಟಿಕ್ ಎನ್ನದ ಒಂದು ಮೇಜಿನ ಗಡಿಯಾರ ಇಟ್ಟು, ಅದನ್ನೇ ನಂಬಿ. ಗಂಟೆಯಾದ ಮೇಲೆ ಐದು ನಿಮಿಷ ಮೌನವಾಗಿ ಕೈಕಾಲು ಸಡಿಲಿಸಲಿ. ಕಾಫಿಯ ಹೊತ್ತಿನಲ್ಲಿ ಹವೆ, ತೋಟ, ಮನೆಮಕ್ಕಳ ಮಾತಿರಲಿ. ಯಾರ ಅಭ್ಯಾಸದ ಬಗ್ಗೆಯೂ ಟೀಕೆ ಅಥವಾ ಸಲಹೆ ಆಗ ಬೇಡ.

ದೂರುಗಳಿಗೆ ಒಂದು ಡಬ್ಬಿ ಮತ್ತು ತುಂಡು ಚೀಟಿ ಸಾಕು. ಏನು, ಎಂದು, ಏನಾಗಬೇಕು, ಇಷ್ಟೇ ಬರೆಯಬೇಕು. "ಎರಡನೇ ಫ್ಯಾನು ಟಕ್ ಟಕ್ ಅನ್ನುತ್ತಿದೆ, ಸ್ಕ್ರೂ ನೋಡಿಸಿ" ಎಂಬುದು ದೂರು. "ಕೆಲವರಿಗೆ ಗಾಳಿಯಿಲ್ಲದೆ ಹತ್ತು ನಿಮಿಷ ಕೂರುವ ಸಾಧನೆಯೂ ಇಲ್ಲ" ಎಂಬುದು ಕೋಸಂಬಿ. ಚೀಟಿ ನೋಡುವವರು ಮೂರು ತಿಂಗಳಿಗೊಬ್ಬರು, ವಾರದೊಳಗೆ ತೀರ್ಮಾನ ಹೇಳಬೇಕು, ಹೇಳಿದ್ದು ಆ ಮೂರು ತಿಂಗಳು ನಡೆಯಬೇಕು. ಫ್ಯಾನಿನಂಥ ವಿಷಯಕ್ಕೆ ಕೈ ಎತ್ತಿಸಿ ಮತ ಹಾಕಿಸಬೇಡಿ. ಹದಿನಾಲ್ಕು ಹನ್ನೊಂದು ಎಂದು ಎಣಿಸಿದ ಕ್ಷಣ ಹನ್ನೊಂದು ಜನರ ಪಕ್ಷವೊಂದು ಹುಟ್ಟುತ್ತದೆ.

ಹೀಗೆ ಮಾತಿಲ್ಲದೆ ಕೆಲಸ ನಡೆಯುವುದು ಸಾಧ್ಯವೇ ಎಂದರೆ, ಸಾಧ್ಯ. ಕೋಸಂಬಿಯಿಂದ ಬೇಸತ್ತು ಹೊರಟ ಬುದ್ಧ ದಾರಿಯಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಒಟ್ಟಿಗಿದ್ದ ತೋಪಿಗೆ ಹೋಗುತ್ತಾನೆ. ನೀವು ಹೇಗೆ ಜಗಳವಿಲ್ಲದೆ ಇದ್ದೀರಿ ಎಂದು ಕೇಳಿದಾಗ ಅವರು ಕೊಟ್ಟ ಉತ್ತರದಲ್ಲಿ ಮೈತ್ರಿಯ ಮಾತಿದೆ, ಅದರ ಜೊತೆಗೇ ಪಾತ್ರೆ ತೊಳೆಯುವ ಮಾತೂ ಇದೆ. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸಿ ಕುಡಿಯುವ ನೀರು ಇಡುತ್ತಾರೆ. ಕೊನೆಗೆ ಬಂದವರು ಉಳಿದದ್ದನ್ನು ಊಟ ಮಾಡಿ, ಎಲ್ಲ ಎತ್ತಿಟ್ಟು ಗುಡಿಸುತ್ತಾರೆ. ನೀರಿನ ಕೊಡ ಖಾಲಿಯಾದದ್ದು ಯಾರ ಕಣ್ಣಿಗೆ ಬಿತ್ತೋ ಅವರೇ ತುಂಬುತ್ತಾರೆ, ಭಾರವಾದರೆ ಇನ್ನೊಬ್ಬರನ್ನು ಕೈಸನ್ನೆಯಲ್ಲಿ ಕರೆಯುತ್ತಾರೆ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧರ್ಮದ ಚರ್ಚೆ. ಚರ್ಚೆಗೆ ಒಂದು ರಾತ್ರಿ ಗೊತ್ತುಮಾಡಿರುವುದರಿಂದ ಕೊಡದ ಹತ್ತಿರ ಚರ್ಚೆ ಬರುವುದಿಲ್ಲ. ಮಾಡಿದವರ ಹೆಸರು ಎಲ್ಲೂ ಬರೆದಿಡುವುದಿಲ್ಲ ಎನ್ನುವುದನ್ನೂ ನೋಡಿ. ನಮ್ಮಲ್ಲಿ ಕಸಪೊರಕೆಯ ಪಾಳಿಪಟ್ಟಿ ಗೋಡೆಯ ಮೇಲೆ ಬಂದ ದಿನದಿಂದ ಯಾರು ತಪ್ಪಿಸಿದರು ಎಂಬ ಲೆಕ್ಕ ಶುರುವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಇಬ್ಬರ ನಡುವೆ ಮಾತು ಕೆಟ್ಟರೆ? ಹಳೆಯ ಕ್ರಮಗಳು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಇನ್ನೊಬ್ಬರಿಗೆ ತಪ್ಪು ಹೇಳುವ ಮೊದಲು ನೋಡಿಕೊಳ್ಳಬೇಕಾದ ಐದು ವಿನಯಪಿಟಕದಲ್ಲಿವೆ: ಹೊತ್ತು ಸರಿಯಿದೆಯೇ, ವಿಷಯ ನಿಜವೇ, ಮಾತು ಮೃದುವೇ, ಹೇಳಿದರೆ ಉಪಯೋಗವಿದೆಯೇ, ಮನಸ್ಸಿನಲ್ಲಿ ಹಿತವಿದೆಯೇ. ನಾಲ್ಕನೆಯದರಲ್ಲೇ ಮುಕ್ಕಾಲು ಪಾಲು ಮಾತುಗಳು ಉದುರಿಹೋಗುತ್ತವೆ. ಉಳಿದವನ್ನು ಇಬ್ಬರೂ ಎದುರಾಎದುರು ಕೂತು ಆಡಬೇಕು, ವಾರದೊಳಗೆ. ಫೋನಿನಲ್ಲಿ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ, ಧ್ಯಾನ ಮುಗಿದ ಕೂಡಲೇ ಬೇಡ. ಇಬ್ಬರೂ ಒಪ್ಪಿದ ಒಬ್ಬ ಮಧ್ಯಸ್ಥರಿರಲಿ, ಅವರು ಇಬ್ಬರಿಗಿಂತ ಹೆಚ್ಚು ವರ್ಷ ಕೂತವರಾಗಬೇಕಿಲ್ಲ. ಒಬ್ಬರು ಐದು ನಿಮಿಷ, ಕಣ್ಣಾರೆ ಕಂಡದ್ದು ಕಿವಿಯಾರೆ ಕೇಳಿದ್ದು ಮಾತ್ರ ಹೇಳಬೇಕು. ಇನ್ನೊಬ್ಬರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಮೊದಲನೆಯವರು "ಹೌದು, ಇದನ್ನೇ ಹೇಳಿದ್ದು" ಎನ್ನುವವರೆಗೆ. ಆಮೇಲೆ ಸರದಿ ಬದಲು. ಕೊನೆಯಲ್ಲಿ ತಲಾ ಒಂದೇ ಕೋರಿಕೆ, ಮುಂದಿನ ವಾರದಿಂದ ಮಾಡಲಾಗುವಂಥದ್ದು. ಮುಕ್ಕಾಲು ಗಂಟೆ ಮೀರಬಾರದು.

ಈ ಕ್ರಮ ಕೆಡುವ ಜಾಗಗಳೂ ಗೊತ್ತಿರಲಿ. "ಎಲ್ಲರಿಗೂ ಹಾಗೇ ಅನ್ನಿಸಿದೆ" ಎಂದು ಅಲ್ಲಿಲ್ಲದವರನ್ನು ಕರೆತರುವುದು. ಐದು ವರ್ಷದ ಹಿಂದಿನ ಶಿಬಿರದ ಊಟದ ಸಾಲಿನ ಪ್ರಸಂಗ ತೆಗೆಯುವುದು. ಅವೆಲ್ಲಕ್ಕಿಂತ ಕೆಟ್ಟದ್ದು, ಇನ್ನೂ ವಿಷಯವೇ ಪೂರ್ತಿ ಹೇಳಿಲ್ಲದಾಗ "ನಾನು ನಿಮ್ಮನ್ನು ಕ್ಷಮಿಸಿಬಿಟ್ಟಿದ್ದೇನೆ" ಎನ್ನುವುದು. ಕೇಳದ ಕ್ಷಮೆಯನ್ನು ಕೊಟ್ಟರೆ ಕೊಟ್ಟವರು ಒಂದು ಮೆಟ್ಟಿಲು ಮೇಲೆ ನಿಂತಂತೆ. ಆಮೇಲೆ ಮಾತು ಮುಂದುವರಿಯುವುದಿಲ್ಲ.

ಕೆಲವು ಜಗಳಗಳು ಎಷ್ಟು ಸಿಕ್ಕುಬಿದ್ದಿರುತ್ತವೆ ಎಂದರೆ ಬಿಡಿಸಲು ಹೋದರೆ ಇನ್ನೂ ಗಂಟಾಗುತ್ತವೆ. ಅಂಥದಕ್ಕೆ ವಿನಯಪಿಟಕದ ಏಳು ಪರಿಹಾರಗಳಲ್ಲಿ ಕೊನೆಯದು ತಿಣವತ್ಥಾರಕ, ಹುಲ್ಲು ಹೊದಿಸುವ ಕ್ರಮ. ಎರಡೂ ಕಡೆಯವರು ಒಂದೆಡೆ ಸೇರುತ್ತಾರೆ. ಪ್ರತಿ ಕಡೆಯಿಂದ ಒಬ್ಬರು ಎದ್ದು, ನಮ್ಮ ಕಡೆಯಿಂದ ಆಗಬಾರದ್ದು ಆಡಬಾರದ್ದು ಆಗಿದೆ ಎಂದು ಎಲ್ಲರ ಪರವಾಗಿ ಒಪ್ಪಿಕೊಳ್ಳುತ್ತಾರೆ. ಯಾರು ಮೊದಲು, ಯಾರು ಎಷ್ಟು ಎಂಬ ವಿಚಾರಣೆ ಇಲ್ಲ. ಆದರೆ ಗಂಭೀರ ತಪ್ಪುಗಳನ್ನೂ ಗೃಹಸ್ಥರಿಗೆ ಸಂಬಂಧಿಸಿದ ತಪ್ಪುಗಳನ್ನೂ ಇದರಡಿ ಮುಚ್ಚುವಂತಿಲ್ಲ ಎಂದು ಅಲ್ಲೇ ಸ್ಪಷ್ಟವಾಗಿ ಬರೆದಿದೆ. ಆ ಎಚ್ಚರವನ್ನು ಬಿಟ್ಟು ಬರೀ ಹುಲ್ಲು ಹೊದಿಸುವುದನ್ನು ಕಲಿತರೆ ಅಪಾಯ.

ವರ್ಷಕ್ಕೊಮ್ಮೆ ಮಳೆಗಾಲ ಮುಗಿದಾಗ ಪವಾರಣೆ ಮಾಡುವುದನ್ನೂ ಯೋಚಿಸಬಹುದು. ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನೆಲೆಸುವ ವರ್ಷಾವಾಸದ ಕೊನೆಗೆ ಪ್ರತಿ ಭಿಕ್ಷು ತಾನೇ ಮುಂದೆ ಬಂದು, ನನ್ನಲ್ಲಿ ಕಂಡದ್ದು, ಕೇಳಿದ್ದು, ಅನುಮಾನಿಸಿದ್ದು ಇದ್ದರೆ ಹೇಳಿ ಎಂದು ಸಂಘವನ್ನು ಕೇಳಿಕೊಳ್ಳುತ್ತಾನೆ. ಕೇಳಿಕೊಂಡವರಿಗೆ ಮಾತ್ರ ಹೇಳುವುದು ಇದರ ಜೀವಾಳ. ನಮ್ಮ ಕೂಟಗಳಲ್ಲಿ ಇದನ್ನು ತುಂಬಿದ ಸಭೆಯಲ್ಲಿ ಮಾಡದೆ, ಕೇಳಿಕೊಂಡವರ ಜೊತೆ ಆಮೇಲೆ ಜಗಲಿಯಲ್ಲಿ ಒಬ್ಬೊಬ್ಬರೇ ಮಾತಾಡುವುದು ಒಳ್ಳೆಯದು.

ಪದ್ಧತಿಗಳ ವಾದ ಬೇರೆ ಜಾತಿಯದು. ಉಸಿರನ್ನು ಮೂಗಿನ ತುದಿಯಲ್ಲಿ ನೋಡಬೇಕೇ, ಹೊಟ್ಟೆಯ ಏರಿಳಿತದಲ್ಲೇ? ಬರ್ಮಾದ ಮಹಾಸಿ ಸಯಾಡೊ ಅವರ ಪರಂಪರೆ ಹೊಟ್ಟೆ ಎನ್ನುತ್ತದೆ, ಊ ಬಾ ಖಿನ್ ಮತ್ತು ಗೋಯೆಂಕಾ ಅವರದು ಮೂಗು ಎನ್ನುತ್ತದೆ. ಧ್ಯಾನದಲ್ಲಿರುವಾಗ ಸದ್ದು ಕೇಳಿಸಿದರೆ ಅದು ನಿಜವಾದ ಧ್ಯಾನವೇ? ವಿಸುದ್ಧಿಮಗ್ಗದ ಗಟ್ಟಿ ಅಳತೆಗೋಲು ಹಿಡಿದವರು ಅಲ್ಲ ಎನ್ನುತ್ತಾರೆ, ಬುದ್ಧನ ಉಪದೇಶಗಳಾದ ಸುತ್ತಗಳನ್ನಷ್ಟೇ ಹಿಡಿದವರು ಹೌದೆನ್ನಲು ಜಾಗವಿದೆ ಎನ್ನುತ್ತಾರೆ. ಇವು ಸಣ್ಣ ಪ್ರಶ್ನೆಗಳಲ್ಲ, ವಾದ ಮಾಡಲಿ. ಆದರೆ ವಾದ ಮಾಡುವ ಕ್ರಮ ಕಲಿಯಲು ನಾವು ದೂರ ಹೋಗಬೇಕಿಲ್ಲ. ಶೃಂಗೇರಿಯಲ್ಲಿ ವರ್ಷವರ್ಷ ಗಣೇಶ ಚತುರ್ಥಿಯ ಸುಮಾರಿಗೆ ಪಂಡಿತರು ಶಾಸ್ತ್ರವಾದ ಮಾಡುವ ಮಹಾಗಣಪತಿ ವಾಕ್ಯಾರ್ಥ ಸಭೆ ನಡೆಯುತ್ತದೆ. ಅಲ್ಲಿನ ಶಾಸ್ತ್ರದ ಶಿಸ್ತಿನಲ್ಲಿ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಎದುರಾಳಿಗಿಂತ ಚೆನ್ನಾಗಿ ನಿಲ್ಲಿಸಿದ ಮೇಲೇ ಸಿದ್ಧಾಂತ, ಅಂದರೆ ತನ್ನ ನಿಲುವು. ನ್ಯಾಯಶಾಸ್ತ್ರ ಮೂರು ಬಗೆ ಹೇಳುತ್ತದೆ: ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನದನ್ನು ಕೆಡವುವುದು ವಿತಂಡ. ಹಳೆಯ ಧ್ಯಾನಿಗಳಲ್ಲಿ ಮೂರನೆಯದರ ಪರಿಣತರು ಸಿಗುತ್ತಾರೆ. "ನನಗೆ ಯಾವ ಮತವೂ ಇಲ್ಲ" ಎಂದು ಶುರು ಮಾಡಿ ಎಲ್ಲರದನ್ನೂ ಕೆಡವುತ್ತಾರೆ.

ಇದಕ್ಕೆ ತಿಂಗಳಿಗೊಂದು ಬೇರೆ ದಿನ ಇಡಿ, ಕೂರುವ ದಿನ ಬೇಡ. ಒಂದು ಸಲಕ್ಕೆ ಒಂದೇ ಗ್ರಂಥಭಾಗ. ಮಾತಾಡುವವರು ಇದು ಗ್ರಂಥದಲ್ಲಿದೆ, ಇದು ನಮ್ಮ ಗುರುಗಳು ಹೇಳಿದ್ದು, ಇದು ನನ್ನ ಅನುಭವ ಎಂದು ಬೇರೆ ಬೇರೆಯಾಗಿ ಹೇಳಬೇಕು. ಅನುಭವ ಎಂದು ಹೇಳಿದ್ದನ್ನು ಯಾರೂ ಖಂಡಿಸಬಾರದು, ಅದನ್ನು ಹೇಳಿದವರೂ ಪ್ರಮಾಣವಾಗಿ ಬಳಸಬಾರದು.

ಕೂಟ ಎರಡಾಗುವುದೇ ಸರಿಯಾದ ಸಂದರ್ಭಗಳೂ ಇವೆ. ಒಬ್ಬರಿಗೆ ಧ್ವನಿಮುದ್ರಿತ ಸೂಚನೆ ಬೇಕು, ಇನ್ನೊಬ್ಬರಿಗೆ ಪೂರ್ತಿ ಮೌನ ಬೇಕು ಎಂದರೆ ಒಂದೇ ಹಾಲಿನಲ್ಲಿ ಒಂದೇ ಹೊತ್ತಿನಲ್ಲಿ ಎರಡೂ ಆಗುವುದಿಲ್ಲ. ಬುಧವಾರ ಒಬ್ಬರು, ಭಾನುವಾರ ಒಬ್ಬರು. ಬೀಗದ ಕೈ ಎರಡು ಮಾಡಿಸಿ, ಬಾಡಿಗೆ ಮತ್ತು ಕರೆಂಟು ಬಿಲ್ಲು ಹೇಗೆ ಹಂಚಿಕೆ ಎಂದು ಬರೆದಿಡಿ, ಚಾಪೆ ದಿಂಬು ಯಾರವೆಂದು ಅಂದೇ ತೀರ್ಮಾನಿಸಿ. ದಿಂಬುಗಳ ಮಾತು ಬಿಟ್ಟುಹೋದರೆ ಆರು ತಿಂಗಳಲ್ಲಿ ಅದೇ ಹೊಸ ಜಗಳ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದೆ.

ಕೂಟ ಶುರು ಮಾಡಿದ ಹಿರಿಯರು, ಎಂಬತ್ತು ದಾಟಿದವರು, ಗಂಟೆಯಾದ ಮೇಲೂ ಹತ್ತು ನಿಮಿಷ ಪ್ರವಚನ ಕೊಡುತ್ತಾರೆ, ಹೇಗೆ ಹೇಳುವುದು?

ಎಲ್ಲರೆದುರು ಹೇಳಬೇಡಿ. ಅವರು ಮಗನಂತೆ ಮಗಳಂತೆ ಕಾಣುವ ಒಬ್ಬರು ಮನೆಗೆ ಹೋಗಿ, "ಅಜ್ಜಾ, ನಿಮ್ಮ ಮಾತಿಗೆ ಬೇರೆ ಹೊತ್ತು ಇಡೋಣ, ಬಸ್ಸಿನವರು ಅರ್ಧಕ್ಕೆ ಎದ್ದು ಹೋಗೋದು ಚೆನ್ನಾಗಿ ಕಾಣಲ್ಲ" ಎಂದು ಕೇಳಲಿ. ನಿಜವಾಗಿಯೂ ಬೇರೆ ಹೊತ್ತು ಇಡಬೇಕು, ನಾಲ್ಕು ಜನವಾದರೂ ಹೋಗಿ ಕೂರಬೇಕು. ಬರೀ ಬಾಯಿ ಮುಚ್ಚಿಸುವ ಉಪಾಯವಾದರೆ ಅವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ಧ್ಯಾನದಲ್ಲಿ ಗೊರಕೆ ಹೊಡೆಯುವವರಿಗೆ ಏನು ಮಾಡುವುದು?

ಎಚ್ಚರವಿದ್ದಾಗ ಅವರನ್ನೇ ಕೇಳಿ: ಮುಟ್ಟಿ ಎಬ್ಬಿಸಬಹುದೇ, ಎಲ್ಲಿ ಮುಟ್ಟಲಿ? ಪಕ್ಕದಲ್ಲಿ ಕೂರುವವರು ಒಬ್ಬರೇ ಆ ಕೆಲಸ ಮಾಡಲಿ. ಸಂಜೆಯ ಕೂಟಕ್ಕೆ ಹೊಟ್ಟೆ ತುಂಬ ತಿಂದು ಬರಬೇಡಿ ಎಂದು ಹೇಳಬಹುದು, ಬೆನ್ನು ನೇರ ಇರುವ ಕುರ್ಚಿ ಕೊಟ್ಟು ನೋಡಬಹುದು. ರಾತ್ರಿಯೂ ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಆಲಸ್ಯವಲ್ಲ, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ಎಬ್ಬಿಸುವಾಗ ಮೊಣಕೈಯನ್ನು ಮೆಲ್ಲಗೆ ಮುಟ್ಟಿ. ಹೆಗಲು ಹಿಡಿದು ಅಲುಗಿಸಿದರೆ ಬೆಚ್ಚಿಬಿದ್ದು ಕೂಗಿಕೊಳ್ಳುತ್ತಾರೆ, ಆಗ ಇಡೀ ಹಾಲಿಗೆ ಎಚ್ಚರವಾಗುತ್ತದೆ.